ಅಕ್ಕನಿಗೆ ತಪ್ಪಿಸಿದ ಮೂರನೇ ಸೂಜಿ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಮೊದಲ ವರ್ಷ, ವರ್ಷದ ತಿಥಿಯಾದರೂ ಕಳೆಯಲಿ ಎಂದುಕೊಂಡೆ. ಮರುವರ್ಷ ಕಣ್ಣಿನ ಪೊರೆ ತೆಗೆಸಿದ ನೆಪ ಸಿಕ್ಕಿತು. ಆಮೇಲೆ ನೆಪವೂ ಬೇಕಾಗಲಿಲ್ಲ. ಹೇಳದೆ ಇರುವುದೇ ರೂಢಿಯಾಗಿಬಿಟ್ಟಿತು.

ಹೋದ ತಿಂಗಳು ನಮ್ಮೂರ ಹಾಲಿನ ಡೈರಿ ಮುಂದೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದರು. ನಾನು ಆ ಕಡೆ ಹೋಗುವುದು ಕಡಿಮೆ. ಅಂದು ಔಷಧದಂಗಡಿಗೆ ಹೊರಟವನು ದಾಟಿ ಹೋಗಬೇಕಾಯಿತು. ಐಸಿಟ್ಟ ಡಬ್ಬಿಯ ಮುಚ್ಚಳ ತೆಗೆದಿದ್ದರು. ಆ ತಣ್ಣನೆಯ ಔಷಧದ ವಾಸನೆ, ಸಗಣಿ ವಾಸನೆ, ಕ್ಯಾನು ತೊಳೆದ ನೀರಿನ ಹುಳಿ ವಾಸನೆ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ಒಬ್ಬ ಹೆಂಗಸು ತನ್ನ ಹಸುವಿನ ಹಗ್ಗ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. "ಬೇಡ ಸಾಮಿ, ಕರೆಯೋ ಹಸು. ಸೂಜಿ ಹಾಕಿದ್ರೆ ಹಾಲು ಇಳಿದೋಗುತ್ತೆ. ಮುಂದಿನ್ ವಾರ ಹಾಕಿಸ್ತೀನಿ" ಎಂದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಔಷಧದಂಗಡಿಗೆ ಹೋಗಲಿಲ್ಲ. ಅದೇ ಸಂಜೆ ಈ ಹಾಳೆಗಳನ್ನು ತೆಗೆದುಕೊಂಡೆ.

ನಮ್ಮೂರು ಚಿಂತಾಮಣಿಗೆ ಹತ್ತಿರ, ಅಂಬಾಜಿದುರ್ಗದ ತಪ್ಪಲಿನಲ್ಲಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಆ ಕಾಲಕ್ಕೆ ಊರಲ್ಲಿ ಅದೇ ದೊಡ್ಡ ಓದು. ಡೈರಿ ಶುರುವಾದಾಗ ಸೆಕ್ರೆಟರಿ ಕೆಲಸ ನನಗೆ ಬಂತು. ರಿಟೈರಾದ ಮೇಲೂ ಹೊಸಬರು ಸಿಗುವವರೆಗೆ ಎಂದು ನನ್ನನ್ನೇ ಇಟ್ಟುಕೊಂಡಿದ್ದರು. ಬೆಳಿಗ್ಗೆ, ಸಂಜೆ ಊರಿಗೆ ಊರೇ ಹಾಲಿನ ಪಾತ್ರೆ ಹಿಡಿದು ನನ್ನ ಮುಂದೆ ಸಾಲಾಗಿ ನಿಲ್ಲುತ್ತಿತ್ತು. ನಾನು ಹಾಲಿನಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, "ನೀರು" ಎಂದರೆ ನೀರು. ಎದುರು ಮಾತಿಲ್ಲ. ದಿನಕ್ಕೆ ಎರಡು ಹೊತ್ತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎದುರು ಮಾತಿಲ್ಲದೆ ಬದುಕಿದರೆ ಮನುಷ್ಯನಿಗೆ ಏನಾಗುತ್ತದೋ ಅದು ನನಗೆ ಆಗಿತ್ತು.

ಕೊರೋನಾದ ಮೂರನೇ ಅಲೆ ಬಂದ ಚಳಿಗಾಲ ಅದು. ಬೆಟ್ಟದಿಂದ ಮಂಜು ಇಳಿದರೆ ಒಂಬತ್ತು ಗಂಟೆಯಾದರೂ ಎದುರಿನ ಮನೆ ಕಾಣುತ್ತಿರಲಿಲ್ಲ. ಮನೆಮನೆಯಲ್ಲೂ ಅವರೆಕಾಯಿ ಸುಲಿಯುವ ಕೆಲಸ. ಆ ಮಂಜಿನೊಳಗೆ ಹಾಲಿನ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಎಲ್ಲರ ತಲೆಯೂ ಆ ಕಡೆ ತಿರುಗುತ್ತಿತ್ತು. ಗದ್ದಕ್ಕೆ ಜಾರಿದ್ದ ಮಾಸ್ಕುಗಳು ಮೂಗಿಗೇರುತ್ತಿದ್ದವು. ಕೆಮ್ಮಿದವನು, "ಅವರೆಕಾಳು ಒಗ್ಗರಣೆ ಘಾಟು ಕಣ್ರಪ್ಪ, ನನಗೇನೂ ಆಗಿಲ್ಲ" ಎನ್ನುತ್ತಿದ್ದ. ಯಾರೂ ನಂಬುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ಬೀದಿಯಿಂದಲೇ ಹೆಣಗಳು ಹೋಗಿದ್ದವು. ಆ ಭಯ ಇನ್ನೂ ಆರಿರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಮೊದಲೆರಡು ಡೋಸ್ ಊರಿಗೆಲ್ಲ ಹಾಕಿಸಿದವನು ನಾನೇ. ಡೈರಿ ಮೈಕಿನಲ್ಲಿ, "ಸೂಜಿ ಹಾಕಿಸ್ಕೊಳ್ದೋರ್ ಹಾಲು ತಗೊಳಲ್ಲ" ಎಂದು ಕೂಗಿದ್ದೆ. ಯುಗಾದಿ ಹೊತ್ತಿಗೆ ವಯಸ್ಸಾದವರೆಲ್ಲರಿಗೂ ಎರಡನೆಯದೂ ಆಗಿತ್ತು. ಆಗ ನನ್ನ ಜೊತೆ ಮನೆಮನೆ ತಿರುಗಿದವಳು ನಮ್ಮೂರ ಆಶಾ ಕಾರ್ಯಕರ್ತೆ. ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಮೂವತ್ತರ ಆಸುಪಾಸು. ಊರಲ್ಲಿ ಎಲ್ಲರೂ ಅವಳನ್ನು "ಆಶಾ" ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಚಳಿಗಾಲದಲ್ಲಿ ಹೊಸ ತಳಿಯ ವೈರಸ್ ಬಂತು. ಎರಡು ಡೋಸ್ ಆದವರೂ ಮಲಗತೊಡಗಿದರು. ಹೆಚ್ಚಿನವರು ಮೂರೇ ದಿನಕ್ಕೆ ಎದ್ದರು, ಅದು ಬೇರೆ ಮಾತು. ಆದರೆ ಸಾಲಿನಲ್ಲಿ ನಿಂತವರು ನನ್ನನ್ನು ಕೇಳತೊಡಗಿದರು. "ಏನ್ ಸೆಕ್ರೆಟ್ರಿ, ಹಾಕಿಸ್ಕೊಂಡ್ರೆ ಬರಲ್ಲ ಅಂತ ಮೈಕಲ್ಲಿ ಕೂಗಿದ್ರಲ್ಲ?" ಬರುವುದೇ ಇಲ್ಲ ಎಂದು ಆರೋಗ್ಯ ಕೇಂದ್ರದವರು ಹೇಳಿರಲಿಲ್ಲ. ನಾನೇ ಒಂದು ಕೈ ಜಾಸ್ತಿ ಸೇರಿಸಿ ಕೂಗಿದ್ದೆ. ತಪ್ಪೊಪ್ಪಿಕೊಳ್ಳುವ ಬದಲು ಸೂಜಿಯ ಮೇಲೇ ಸಿಟ್ಟು ಮಾಡಿಕೊಂಡೆ. ಅದು ನನಗೆ ಸುಲಭವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಶಾ ಪಟ್ಟಿ ಹಿಡಿದು ಡೈರಿಗೇ ಬಂದಳು. ಅರವತ್ತು ದಾಟಿ ಶುಗರೋ ಬಿಪಿಯೋ ಇದ್ದು, ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು ಕಳೆದವರಿಗೆ ಮೂರನೆಯದು ಕೊಡುತ್ತಾರೆ, ಹೋದ ಸಲದಂತೆ ಮೈಕಿನಲ್ಲಿ ಕೂಗಿ ಎಂದಳು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನ್ನ ಅಕ್ಕನ ಹೆಸರೂ ಇತ್ತು.

ನಾನು ಲ್ಯಾಕ್ಟೋಮೀಟರ್ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ. "ನೋಡಮ್ಮ, ಹಸಿನ್ ಹಾಲಿಗೂ ಎಮ್ಮೆ ಹಾಲಿಗೂ ಒಂದೇ ಡಿಗ್ರಿ ಬರುತ್ತಾ? ಬರಲ್ಲ. ಹಳೇ ವೈರಸ್‌ಗೆ ಅಂತ ಮಾಡಿದ್ ಔಷಧಿ ಹೊಸದಕ್ಕೆ ಹೆಂಗ್ ನಾಟುತ್ತೆ? ಎರಡು ಲೋಟ ಹಾಲು ಕುಡಿಸಿದ್ರಿ ಸರಿ. ಮೂರ್ನೇದು ಬರೀ ನೀರು."

ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. "ಸೆಕ್ರೆಟ್ರಿ ಮಾವ, ಅಂಟೋದನ್ನ ಪೂರ್ತಿ ತಡೆಯುತ್ತೆ ಅಂತ ನಾನು ಹೇಳ್ತಾ ಇಲ್ಲ. ಹೊಸದಕ್ಕೆ ಹಳೇದ್ರಷ್ಟು ಕೆಲ್ಸ ಮಾಡಲ್ಲ ಅಂತ ನಮ್ ಡಾಕ್ಟ್ರೂ ಒಪ್ಕೊಂಡ್ರು. ಆದ್ರೆ ದಿನ ಕಳೆದಂಗೆ ಮೈಯಲ್ಲಿ ಮೊದಲಿನ್ ಶಕ್ತಿ ಕಮ್ಮಿ ಆಗುತ್ತೆ, ಇನ್ನೊಂದು ಹಾಕಿದ್ರೆ ಎದ್ದು ಕೂರುತ್ತೆ, ವಯಸ್ಸಾದೋರು ಆಸ್ಪತ್ರೆ ಸೇರೋದು ತಪ್ಪುತ್ತೆ ಅಂತಾರೆ."

"ಅಂತಾರೆ, ಅಂತಾರೆ! ನೀನ್ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ ಮಾವ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆರ್ ತಿಂಗ್ಳಿಗೊಂದ್ಸಲ ನೀವೇ ನಿಂತು ಈ ಊರ್ ಹಸುಗಳಿಗೆಲ್ಲ ಕಾಲುಬಾಯಿ ಇಂಜೆಕ್ಷನ್ ಹಾಕಿಸ್ತೀರ. ಅದು ಎಷ್ಟ್ನೇ ಡೋಸು ಅಂತ ಯಾವತ್ತಾದ್ರೂ ಕೇಳಿದ್ದೀರಾ?"

ನನ್ನ ವಾರಿಗೆಯ ಬೈರೆಡ್ಡಿ ಪಾತ್ರೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ. "ಅಬ್ಬಬ್ಬ! ಏಂ ಸೆಕ್ರೆಟ್ರಿ, ಇವತ್ತು ನಿಂದೇ ಡಿಗ್ರಿ ಇಳಿದೋಯ್ತಲ್ಲಯ್ಯ! ನೀರು ಜಾಸ್ತಿ ಆಗೈತೆ!"

ಸಾಲಿಗೆ ಸಾಲೇ ನಕ್ಕಿತು. ಹಾಲು ಚೆಲ್ಲುವಷ್ಟು ನಕ್ಕರು. ಹಾಲು ತಂದು ಸಾಲಿನಲ್ಲಿ ನಿಂತಿದ್ದ ನನ್ನ ಅಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಮೈಕು ಹಿಡಿಯಲಿಲ್ಲ. ಅಂದು ಬೈರೆಡ್ಡಿಯ ಹಾಲು ಚೆನ್ನಾಗಿಯೇ ಇತ್ತು, ಆದರೂ ನೀರೆಂದು ವಾಪಸು ಕಳಿಸಿದೆ. ಇದನ್ನೂ ಬರೆದಿಡುತ್ತೇನೆ.

ಅಕ್ಕನ ಹೆಸರು ಯಶೋದಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು, ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿದ್ದಳು. ಒಬ್ಬಳೇ ಮಗಳು ನಾಗವೇಣಿಯನ್ನು ಶಿಡ್ಲಘಟ್ಟಕ್ಕೆ ಕೊಟ್ಟಿತ್ತು, ಅವರದು ರೇಷ್ಮೆ ನೂಲು ಬಿಚ್ಚುವ ಮನೆ. ಅಕ್ಕನಿಗೆ ಹಳೆಯ ಶುಗರು. ನಮ್ಮ ಎರಡು ಸೀಮೆಹಸುಗಳ ಪೂರ್ತಿ ಜವಾಬ್ದಾರಿ ಅವಳದು. ಅವುಗಳಲ್ಲಿ ಒಂದು ಆಗಷ್ಟೇ ಚೊಚ್ಚಲು ಕರು ಹಾಕಿತ್ತು. ಅಕ್ಕನ ಕೈ ಬಿಟ್ಟರೆ ಬೇರೆ ಯಾರ ಕೈಯನ್ನೂ ಕೆಚ್ಚಲಿಗೆ ಸೇರಿಸುತ್ತಿರಲಿಲ್ಲ. ನಾನು ಒಮ್ಮೆ ಕೂತು, ಒದೆಸಿಕೊಂಡು ಎದ್ದಿದ್ದೆ.

ಮರುದಿನ ಆಶಾ ನಮ್ಮ ಮನೆಗೆ ಬಂದಳು. ನಾನಿರಲಿಲ್ಲ. ಅಕ್ಕ ಹೂಂ ಅಂದಿದ್ದಳಂತೆ. ಆದರೆ, "ನಮ್ ನಾಣೀನ ಒಂದ್ ಮಾತು ಕೇಳ್ತೀನಿ ತಾಳಮ್ಮ" ಎಂದು ಕಳಿಸಿದ್ದಳು. ಅಕ್ಕ ನನ್ನನ್ನು ಕೇಳದೆ ಒಂದು ಮಾತ್ರೆಯನ್ನೂ ನುಂಗಿದವಳಲ್ಲ. ನಾನು ಓದಿದವನು ಎಂಬುದು ಅವಳಿಗೆ ದೊಡ್ಡ ಹೆಮ್ಮೆ. ನಾನು ಓದಲೆಂದು ಅವಳನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ದನ ಕಾಯಲು ಕಳಿಸಿದ್ದರು.

ಸಂಜೆ ಅವಳು ಕರುವಿಗೆ ಹಾಲು ಬಿಡುತ್ತ ಕೇಳಿದಳು. "ಒರೇ ನಾಣಿ, ಹಾಕಿಸ್ಕೊಳ್ಲೇನೋ?"

ನನ್ನ ಕಿವಿಯಲ್ಲಿ ಡೈರಿಯ ನಗು ಇನ್ನೂ ಇತ್ತು. ಅದರಲ್ಲಿ ಅವಳ ನಗುವೂ ಸೇರಿತ್ತಲ್ಲ. "ಹೋದ್ಸಲ ಹಾಕಿಸ್ಕೊಂಡು ಎರಡ್ ದಿನ ಜ್ವರದಲ್ಲಿ ಮಲಗಿದ್ಯಲ್ಲ. ಈಗ ಮಲಗಿದ್ರೆ ಈ ಹಸೂನ ಯಾರ್ ಕರೀತಾರೆ? ಕೆಚ್ಚಲು ಗಟ್ಟಿಯಾದ್ರೆ ಮುಗೀತು. ಸೂಜಿ ಹಾಕಿದ್ರೆ ಹಸೂಗೇ ಹಾಲಿಳಿಯುತ್ತೆ, ಇನ್ ನಿನ್ ಕೈಯಲ್ಲಿ ಶಕ್ತಿ ಇಳಿಯಲ್ವಾ?"

"ಅದೂ ನಿಜ ಕಣೋ" ಎಂದಳು. ಹಾಲು ಕರೆಯುವವರ ಮನೆಯಲ್ಲಿ ಈ ಮಾತಿಗೆ ಎದುರಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ನಾಲ್ಕೈದು ದಿನ ಬಿಟ್ಟು ಆಶಾ ಎರಡನೇ ಸಲ ಬಂದಳು. ಈ ಸಲ ನಾನೇ ಬಾಗಿಲಲ್ಲಿದ್ದೆ. "ಮುಂದಿನ್ ವಾರ ನೋಡಣ" ಎಂದೆ. ಅವಳು ಪುಸ್ತಕ ತೆಗೆದು, "ಬೇಡ ಅಂದ್ರೆ ಬೇಡ ಅಂತ ಸೈನಾದ್ರೂ ಹಾಕಿ ಮಾವ, ನಾನು ಬಂದಿದ್ದಕ್ಕೆ ಗುರ್ತು ಬೇಕು" ಎಂದಳು. "ಬೇಡ ಅಂದ್ನಾ? ಮುಂದಿನ್ ವಾರ ಅಂದೆ. ಅದಕ್ಕೆಂಥ ಸೈನು?" ಎಂದೆ. ಅವಳು ಗೋಡೆಗೆ ಪುಸ್ತಕ ಒತ್ತಿಟ್ಟು ಏನೋ ಬರೆದುಕೊಂಡು ಹೋದಳು. ಒಳಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ನೀರಿನ ಸದ್ದು ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಈಗ ಬರೆಯಬೇಕಾದದ್ದು ಕಷ್ಟದ್ದು.

ಆ ವಾರದಲ್ಲೇ ಪಕ್ಕದ ಹಳ್ಳಿಯ ಡೈರಿಯಲ್ಲಿ ನನ್ನಂತೆಯೇ ಕೆಲಸ ಮಾಡುತ್ತಿದ್ದವನು, ನನ್ನದೇ ವಯಸ್ಸಿನವನು, ಉಸಿರು ಕಟ್ಟಿ ಸತ್ತ. ಹಿಂದಿನ ಶನಿವಾರ ಅವನೂ ನಾನೂ ಒಂದೇ ಬೆಂಚಿನಲ್ಲಿ ಟೀ ಕುಡಿದಿದ್ದೆವು. ಸುದ್ದಿ ಕೇಳಿದ ಮೇಲೆ ಎರಡು ದಿನ ಉಸಿರು ಬಿಗಿಹಿಡಿದು ಹಿಡಿದು ಪರೀಕ್ಷೆ ಮಾಡಿಕೊಂಡೆ. ಮೂರನೇ ದಿನ ಹಿಂಡಿ ತರುವ ನೆಪ ಹೇಳಿ ಚಿಂತಾಮಣಿ ಬಸ್ಸು ಹತ್ತಿದೆ. ಗುರುತಿನವರಿಲ್ಲದ ಕಡೆ, ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು ಸಾಲಿನಲ್ಲಿ ನಿಂತು, ಎಡಗೈಗೆ ಮೂರನೇ ಸೂಜಿ ಹಾಕಿಸಿಕೊಂಡೆ. ಊರಿಗೆಲ್ಲ ನೀರು ಎಂದು ಸಾರಿದ ಅದೇ ಸೂಜಿ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ನೆನಪಾಯಿತು. ಮರೆತಿದ್ದೆ ಎಂದಲ್ಲ. ಅವಳಿಗೂ ಹಾಕಿಸಬೇಕು ಎಂದುಕೊಂಡೆ. ಆದರೆ ಆಶಾ ಬಂದಾಗ ಹೂಂ ಎಂದರೆ ನಾನು ಸೋತಂತೆ. ಸೋಮವಾರ ನಾನೇ ಕರೆದುಕೊಂಡು ಬಂದು, ನನ್ನದೇ ತೀರ್ಮಾನ ಎಂಬಂತೆ ಚಿಂತಾಮಣಿಯಲ್ಲೇ ಹಾಕಿಸಿದರಾಯಿತು ಎಂದು ಲೆಕ್ಕ ಹಾಕಿದೆ. ನಡುವೆ ಇದ್ದದ್ದು ನಾಲ್ಕೇ ದಿನ.

ಮರುದಿನವೇ ಆಶಾ ಮೂರನೇ ಸಲ ಬಂದಳು. ನನ್ನ ಕೈ ಬಾತು ನೋಯುತ್ತಿತ್ತು, ಬಲಗೈಯಿಂದ ಒತ್ತಿ ಹಿಡಿದುಕೊಂಡಿದ್ದೆ. "ಕೈಗೇನಾಯ್ತು ಮಾವ?" ಎಂದಳು. "ಹಿಂಡಿ ಮೂಟೆ ಎತ್ತಿದೆ, ನರ ಹಿಡ್ಕೊಂತು" ಎಂದೆ. "ಯಶೋದಕ್ಕ ಇದ್ದಾರಾ? ಇವತ್ತು ನರ್ಸಮ್ಮ ಸ್ಕೂಲ್ ಹತ್ರಾನೇ ಬಂದವ್ರೆ, ಐದು ನಿಮಿಷದ್ ಕೆಲ್ಸ." ಅಕ್ಕ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದಳು, ಮಚ್ಚಿನ ಸದ್ದು ನನಗೆ ಕೇಳುತ್ತಿತ್ತು. ಆಶಾಳಿಗೂ ಕೇಳಿರಬೇಕು. "ಇಲ್ಲ, ಕೈವಾರಕ್ಕೆ ಹೋಗವ್ಳೆ" ಎಂದೆ.

ಅವಳು ಹಿತ್ತಲ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ಬಂದ್ಮೇಲೆ ಹೇಳಿ ಮಾವ, ಸಾಯಂಕಾಲದವರೆಗೂ ಇರ್ತೀವಿ" ಎಂದು ಹೋದಳು. ನಾನು ಹೇಳಲಿಲ್ಲ.

ಶನಿವಾರ ನನಗೂ ನನ್ನ ಹೆಂಡತಿಗೂ ಗಂಟಲು ಕೆರೆತ, ಸಣ್ಣ ಜ್ವರ. ಅಂದೇ ರಾತ್ರಿ ಅಕ್ಕನಿಗೂ ಬಂತು. ನಮಗೆ ಮೂರನೇ ದಿನಕ್ಕೆ ಬಿಟ್ಟಿತು. ಅವಳಿಗೆ ಬಿಡಲಿಲ್ಲ. ಆ ಜ್ವರದಲ್ಲೂ ಎದ್ದು ಹಸು ಕರೆಯಲು ಹೋಗುತ್ತಿದ್ದಳು. ಬುಧವಾರ ಬೆಳಿಗ್ಗೆ ಹಸುವಿನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಪಾತ್ರೆಯಲ್ಲಿ ಅರ್ಧ ಹಾಲು. "ಉಸ್ರು ಸಾಲ್ತಿಲ್ಲ ನಾಣಿ" ಎಂದಳು.

ಆಂಬ್ಯುಲೆನ್ಸಿನವರು ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಚಿಂತಾಮಣಿ ಬೇಡ, ನೇರ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೇ ಎಂದರು. ಗಾಡಿಯ ಹಿಂಭಾಗದಲ್ಲಿ ಅಕ್ಕನೂ ನಾನೂ ಇಬ್ಬರೇ, ಜೊತೆಗೆ ಆಕ್ಸಿಜನ್ನಿನ ಸುಯ್ ಎನ್ನುವ ಸದ್ದು. ಶಿಡ್ಲಘಟ್ಟ ದಾಟುವಾಗ ನಾಗವೇಣಿಗೆ ಫೋನು ಮಾಡಿದೆ, ಆಸ್ಪತ್ರೆಗೇ ಬರುತ್ತೇನೆ ಎಂದಳು. ಫೋನು ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ. ನಾನು ಹಾಕಿಸಿಕೊಂಡದ್ದು, ಆಶಾ ಬಂದಾಗ ನೀನು ಕೈವಾರಕ್ಕೆ ಹೋಗಿದ್ದೀಯ ಎಂದದ್ದು, ಎಲ್ಲ.

ಅಕ್ಕ ಮುಖದ ಮೇಲಿನ ಮಾಸ್ಕನ್ನು ಬೆರಳಿಂದ ಸ್ವಲ್ಪ ಎತ್ತಿದಳು. "ಹೋಗ್ಲಿ ಬಿಡೋ. ನಿಂಗಾದ್ರೂ ಆಯ್ತಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹಸು ಕರೆಯೋವಾಗ ನನ್ ಹಳೇ ಸೀರೆ ಸುತ್ಕೊಂಡು ಕೂತ್ಕೋ, ವಾಸನೆಗೆ ಸುಮ್ನಿರುತ್ತೆ" ಎಂದಳು.

ಇಷ್ಟಾದ ಮೇಲಾದರೂ ನಾನು ಮನುಷ್ಯನಾಗಬೇಕಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ನಾಗವೇಣಿ ಕಾಯುತ್ತಿದ್ದಳು. ಕೆಲಸ ಬಿಟ್ಟು ಹಾಗೇ ಓಡಿ ಬಂದಿದ್ದಳು, ಬಿಸಿನೀರಿನಲ್ಲಿ ಗೂಡು ಕೆದಕಿದ ಬೆರಳುಗಳು ಇನ್ನೂ ಬೆಳ್ಳಗೆ ಸುಕ್ಕಾಗಿದ್ದವು. ಸ್ಟ್ರೆಚರಿನ ಪಕ್ಕ ನಿಂತ ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು. "ಎರಡು ಡೋಸ್ ಆಗಿದೆ. ಮೂರನೇದು? ಡ್ಯೂ ಆಗಿತ್ತಲ್ಲ, ಯಾಕೆ ಹಾಕಿಸಲಿಲ್ಲ?" ಬೈಯಲು ಕೇಳಿದ್ದಲ್ಲ, ಬರೆದುಕೊಳ್ಳಲು ಕೇಳಿದ್ದು.

ನಾಗವೇಣಿ ನನ್ನ ಮುಖ ನೋಡಿದಳು.

"ಯಾರೂ ಮನೆ ಹತ್ರ ಬರ್ಲೇ ಇಲ್ಲ ಸಾರ್" ಎಂದೆ.

ಅಕ್ಕನಿಗೆ ಎಚ್ಚರವಿತ್ತು. ಮಾಸ್ಕಿನ ಮೇಲೆ ಅವಳ ಕಣ್ಣು ನನ್ನ ಕಡೆ ಹೊರಳಿತು. ಒಂದು ಗಳಿಗೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು, ಸ್ಟ್ರೆಚರನ್ನು ಒಳಗೆ ತಳ್ಳಿದರು. ನಾಲ್ಕನೇ ದಿನ ತೀರಿಕೊಂಡಳು. ಅವಳು ಆ ಕಣ್ಣುಗಳನ್ನು ಮುಚ್ಚಿದ್ದು ನೋವಿಗೋ, ನಾಚಿಕೆಗೋ, ನನ್ನನ್ನು ಕಾಪಾಡುವುದಕ್ಕೋ ನನಗೆ ಇವತ್ತಿಗೂ ತಿಳಿಯದು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಕೈ ತೊಳೆದವಳೇ ನಾಗವೇಣಿ ಆಶಾಳ ಮನೆ ಮುಂದೆ ಹೋಗಿ ನಿಂತಳು. "ನಮ್ಮಮ್ಮನ್ ಮನೆ ಬಾಗ್ಲು ನಿನ್ ಕಣ್ಣಿಗ್ ಕಾಣಿಸ್ಲಿಲ್ವೇನೇ? ಕೂತ್ಕೊಂಡು ಸಂಬ್ಳ ತಿನ್ನೋಕೆ ನಮ್ಮಮ್ಮನ್ ಜೀವಾನೇ ಬೇಕಿತ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಾನು ಮನೆಯೊಳಗಿದ್ದೆ. ಕಿಟಕಿ ಮುಚ್ಚಿದೆ. ನಾಗವೇಣಿ ಅಷ್ಟಕ್ಕೇ ಬಿಡಲಿಲ್ಲ, ಆರೋಗ್ಯ ಕೇಂದ್ರಕ್ಕೆ ಅರ್ಜಿಯನ್ನೂ ಬರೆದುಕೊಟ್ಟಳು.

ವಿಚಾರಣೆ ನಡೆದದ್ದು ಡೈರಿಯಲ್ಲಿ. ಸ್ಕೂಲು ಬಿಟ್ಟರೆ ಊರಲ್ಲಿ ಕುರ್ಚಿ ಮೇಜು ಇದ್ದ ಜಾಗ ಅದೊಂದೇ. ಲೇಡಿ ಡಾಕ್ಟರು, ಅವರ ಜೊತೆ ಒಬ್ಬ ಸೂಪರ್‌ವೈಸರ್. ಬೆಳಗಿನ ಹಾಲು ಮುಗಿದಿತ್ತು, ಆದರೂ ಜನ ಖಾಲಿ ಪಾತ್ರೆ ಹಿಡಿದು ನಿಂತೇ ಇದ್ದರು. ಆಶಾ ಬಾಗಿಲ ಪಕ್ಕ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮುಖ ಇಳಿದಿತ್ತು. ಆ ಹದಿನೈದು ದಿನದಲ್ಲಿ ಊರಿನ ಬಾಗಿಲುಗಳು ಅವಳಿಗೆ ಒಂದೊಂದಾಗಿ ಮುಚ್ಚಿದ್ದವು. ಬಸುರಿಯೊಬ್ಬಳ ಅತ್ತೆ, "ನೀನ್ ನಮ್ ಹುಡ್ಗೀನ ಮುಟ್ಬೇಡ" ಎಂದಿದ್ದಳಂತೆ.

ಡಾಕ್ಟರು ಬೈರೆಡ್ಡಿಯನ್ನು ಕೇಳಿದರು. "ಡೈರಿ ಹತ್ರ ಬಂದಿದ್ದು ನಿಜ ಮೇಡಂ, ಎಲ್ರೂ ಕೇಳವ್ರೆ. ಅವರ್ ಮನೆಗ್ ಹೋದ್ಳೋ ಇಲ್ವೋ ಸೆಕ್ರೆಟ್ರೀನೇ ಹೇಳ್ಬೇಕು" ಎಂದ.

ಡಾಕ್ಟರು ನನ್ನ ಕಡೆ ತಿರುಗಿದರು. "ಇವರ ಪುಸ್ತಕದಲ್ಲಿ ಮೂರು ಸಲ ನಿಮ್ಮ ಮನೆಗೆ ಬಂದದ್ದು ಬರೆದಿದೆ. ಸಹಿ ಇಲ್ಲ. ನೀವು ತಿಳಿದವರು, ಹಿರಿಯರು. ನೀವು ಹೇಳಿದ್ದನ್ನೇ ಬರ್ಕೋತೀನಿ. ಬಂದಿದ್ರಾ?"

"ಮಾವ, ನೀವೇ ಹೇಳಿ" ಎಂದಳು ಆಶಾ. ಅಷ್ಟೇ ಹೇಳಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಿಯೇ ಹೇಳುತ್ತೇನೆ ಎಂಬ ನಂಬಿಕೆಯಿತ್ತು.

ಹೌದು ಎಂದಿದ್ದರೆ ಮುಂದಿನ ಪ್ರಶ್ನೆ ಯಾಕೆ ಹಾಕಿಸಲಿಲ್ಲ ಎಂಬುದಾಗಿರುತ್ತಿತ್ತು. ನಾಗವೇಣಿ ಎದುರಿಗೇ ಇದ್ದಳು. ಬಾಗಿಲಾಚೆ ನನ್ನ ಹೆಂಡತಿ. ಮೂವತ್ತು ವರ್ಷ ನನ್ನ ಬಾಯಿಂದ ತೀರ್ಪು ಕೇಳಿದ ಜನ ಸುತ್ತ ನಿಂತಿದ್ದರು.

"ನೆನಪಿಲ್ಲ ಮೇಡಂ" ಎಂದೆ.

ಸೂಪರ್‌ವೈಸರ್ ಬರೆದುಕೊಂಡ. ಆಶಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಎಲ್ಲರೂ ಚದುರುವಾಗ ನನ್ನ ಮೇಜಿನ ಹತ್ತಿರ ಬಂದು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, "ಕೈ ನೋವು ಹೋಯ್ತಾ ಮಾವ?" ಎಂದಳು.

ಆಗ ನನಗೆ ಹೊಳೆಯಿತು. ಸೂಜಿ ಯಾವ ಊರಲ್ಲಿ ಹಾಕಿಸಿಕೊಂಡರೂ ಹೆಸರು ಕಂಪ್ಯೂಟರಿಗೆ ಹೋಗುತ್ತದೆ. ಅವಳ ಪಟ್ಟಿಯಲ್ಲಿ ಬಾಕಿಯವರ ಸಾಲಿನಿಂದ ನನ್ನ ಹೆಸರು ಬಿಟ್ಟುಹೋಗಿರುತ್ತದೆ. ಅವಳಿಗೆ ಮೊದಲೇ ಗೊತ್ತಿತ್ತು. ಡಾಕ್ಟರ ಮುಂದೆ, ನಾಗವೇಣಿ ಮುಂದೆ, ಬೈರೆಡ್ಡಿ ಮುಂದೆ ಆ ಒಂದು ಮಾತು ಆಡಿದ್ದರೆ ಅವಳು ಉಳಿಯುತ್ತಿದ್ದಳು, ನಾನು ಮುಳುಗುತ್ತಿದ್ದೆ. ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ಕೇಳುವ ಯೋಗ್ಯತೆ ನನಗಿರಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಹಳ್ಳಿ ನೋಡಿಕೊಳ್ಳಿ ಎಂದರಂತೆ. ಅವಳೇ ಪುಸ್ತಕಗಳನ್ನು ಹಿಂದಿರುಗಿಸಿ, ಗಂಡನ ಜೊತೆ ತವರಿನ ಕಡೆ ಹೊರಟುಹೋದಳು. ನಾನು ಯುಗಾದಿಗೆ ಮುಂಚೆ ಡೈರಿ ಬಿಟ್ಟೆ. ಮಂಡಿ ನೋವು ಎಂದು ಹೇಳಿದೆ, ಊರು ನಂಬಿತು. ನನ್ನ ಹೆಂಡತಿ ಆ ವರ್ಷವಿಡೀ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸಿದಳು. ಮಾತು ಮಾತ್ರ ಬಡಿಸಲಿಲ್ಲ.

ಕಣ್ಣಿನ ಆಪರೇಷನ್‌ಗೆ ಹೋದಾಗ ಅಲ್ಲಿಯ ಡಾಕ್ಟರನ್ನು ಸುಮ್ಮನೆ ಕೇಳುವಂತೆ ಕೇಳಿದೆ. ಮೂರನೇ ಡೋಸ್ ಆಗಿದ್ದರೆ ಅಂಥವರು ಉಳಿಯುತ್ತಿದ್ದರೇ ಎಂದು. "ಒಬ್ಬರ ವಿಷಯದಲ್ಲಿ ಖಂಡಿತ ಅಂತ ಯಾರೂ ಹೇಳಲಾರರು. ಆ ವಯಸ್ಸು, ಶುಗರು, ಉಳಿಯೋ ಸಾಧ್ಯತೆ ಹೆಚ್ಚಾಗ್ತಿತ್ತು" ಎಂದರು. ಸೂಜಿ ಮೈಗೆ ಹತ್ತಲು ಒಂದೆರಡು ವಾರ ಬೇಕಂತೆ. ಹಾಗಿದ್ದರೆ ನನಗೆ ಹಗುರಾಗಿ ಹೋದದ್ದು ನನ್ನ ಸೂಜಿಯಿಂದ ಎಂದೂ ಹೇಳುವಂತಿಲ್ಲ. ನನ್ನ ಸೋಮವಾರದ ಲೆಕ್ಕದಿಂದ ಅಕ್ಕನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಆಶಾ ಮೊದಲ ಸಲ ಬಂದಾಗ ಹಾಕಿಸಿದ್ದರೆ ಎರಡು ವಾರದಷ್ಟು ಹೊತ್ತು ಸಿಗುತ್ತಿತ್ತು. ಆ ಎರಡು ವಾರವನ್ನು ನಾನು ಡೈರಿಯ ಒಂದು ನಗುವಿನ ಸಿಟ್ಟಿಗೆ ಕಳೆದುಬಿಟ್ಟೆ. ಸೂಜಿ ಎಷ್ಟು ಕೆಲಸ ಮಾಡುತ್ತಿತ್ತು ಎಂಬ ವಾದವನ್ನು ಓದಿದವರು ಮಾಡಲಿ. ನನ್ನ ಪಾಪಕ್ಕೆ ಆ ಲೆಕ್ಕ ಬೇಕಿಲ್ಲ.

ಇಷ್ಟು ಬರೆದು, ಹೋದ ವಾರ ಶಿಡ್ಲಘಟ್ಟಕ್ಕೆ ಹೋಗಿ ನಾಗವೇಣಿಗೆ ಓದಿ ಹೇಳಿದೆ. ನಡುವೆ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಕೂತೇ ಕೇಳಿದಳು. ಓದಿ ಮುಗಿದ ಮೇಲೆ ನನ್ನ ಮುಖ ನೋಡದೆ ಕೇಳಿದಳು.

"ನಮ್ಮಮ್ಮನಿಗೆ ಹೇಳ್ದೆ ಅಂತೀಯ. ನಂಗೂ ಇವತ್ತು ಹೇಳ್ದೆ. ಆಯಮ್ಮನಿಗೆ ಹೇಳಿದ್ಯಾ ಮಾವ? ನಾನ್ ಆಯಮ್ಮನ್ ಮನೆ ಮುಂದೆ ನಿಂತು ಏನೇನಂದೆ, ಗೊತ್ತಲ್ಲ ನಿಂಗೆ? ಅದೆಲ್ಲ ನೀನೇ ನನ್ ಬಾಯಲ್ಲಿ ಆಡ್ಸಿದ್ದು."

ಹೇಳಿಲ್ಲ. ಒಂದು ಸಲ ಗೌರಿಬಿದನೂರಿನವರೆಗೆ ಹೋಗಿದ್ದೆ. ನಗರಗೆರೆ ಬಸ್ಸು ಎದುರಿಗೇ ನಿಂತಿತ್ತು. ಅದು ಹೊರಡುವವರೆಗೂ ನೋಡುತ್ತಿದ್ದು ವಾಪಸು ಬಂದೆ. ನಾಗವೇಣಿ ಮುಂದಿನ ಭಾನುವಾರ ತಾನೂ ಬರುತ್ತೇನೆ ಎಂದಿದ್ದಾಳೆ. ತನ್ನದೂ ಒಂದು ಕ್ಷಮೆ ಬಾಕಿಯಿದೆ ಎಂದಳು. ನಾನು ಅಷ್ಟರೊಳಗೆ ಮತ್ತೆ ಹೆದರಿ ಹಿಂದೆಗೆಯಬಹುದು, ನನ್ನನ್ನು ನಾನು ಬಲ್ಲೆ. ಅದಕ್ಕೇ ಇಲ್ಲಿ ಅಚ್ಚಾಗುವಂತೆ ಬರೆಯುತ್ತಿದ್ದೇನೆ.

ಡೈರಿಯಲ್ಲಿ ಎಲ್ಲರೆದುರು ನಾನು ನೆನಪಿಲ್ಲ ಎಂದದ್ದು ಸುಳ್ಳು. ಆಕೆ ನಮ್ಮ ಮನೆಗೆ ಮೂರು ಸಲ ಬಂದಿದ್ದರು. ಆಕೆಯ ಹೆಸರು ಮುನಿರತ್ನಮ್ಮ.